ಒಂದೇ ಗಾಡಿಗೆ ಎರಡು ಜೋಡಿ ಪಾಟಾ

ನಮ್ಮ ವಾಡಿಯ ಮನೆಗೆ ಮುಂಬಾಗಿಲು ಅನ್ನುವುದೇ ಇರಲಿಲ್ಲ. ರಸ್ತೆಯಿಂದ ಒಳಗೆ ಬರಬೇಕಾದರೆ ಕುಲುಮೆ ದಾಟಿ, ಅಡಿಗಲ್ಲು ದಾಟಿ, ಮುರಿದ ಪಾಟಾಗಳ ರಾಶಿಯ ಪಕ್ಕದಲ್ಲಿ ಮೈ ಓರೆ ಮಾಡಿಕೊಂಡು ಬರಬೇಕಿತ್ತು. ಬೀಗರು ಬಂದರೂ ಅದೇ ದಾರಿ, ಭಿಕ್ಷೆಗೆ ಸ್ವಾಮಿಗಳು ಬಂದರೂ ಅದೇ ದಾರಿ. ಪಾಟಾ ಅಂದರೆ ಗಾಡಿಯ ಅಚ್ಚಿನ ಮೇಲೆ ಒಂದರ ಬೆನ್ನಿಗೊಂದು ಕಟ್ಟಿದ, ಬಾಗಿದ ಉಕ್ಕಿನ ಪಟ್ಟಿಗಳು. ಮೇಲಿನ ಭಾರ, ಕೆಳಗಿನ ರಸ್ತೆಯ ಹೊಡೆತ, ಎರಡನ್ನೂ ತಿನ್ನುವವು ಅವೇ. ಶಹಾಬಾದ ಕಡೆಯ ಗಣಿಗಳಿಂದ ಫರಸಿ ಕಲ್ಲು ತರುವ ಲಾರಿಗಳು ಹೇರಬಾರದಷ್ಟು ಹೇರುತ್ತಿದ್ದವು, ಪಾಟಾ ಮುರಿಯುತ್ತಿದ್ದವು, ವಾಲಿಕೊಂಡು ಬಂದು ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದವು. ಅಪ್ಪ ಅವನ್ನು ಬಿಚ್ಚಿ, ಕಾಯಿಸಿ, ಬಡಿದು, ಮತ್ತೆ ಕಮಾನಿಗೆ ತಂದು ಸುಟ್ಟ ಎಣ್ಣೆಯಲ್ಲಿ ಅದ್ದುತ್ತಿದ್ದ. ಆ ಎಣ್ಣೆಯ ಹೊಗೆ ಪಡಸಾಲೆಗೆ ಬಂದು, ಅಡುಗೆಮನೆಗೆ ಬಂದು, ಅವ್ವ ನಾದುತ್ತಿದ್ದ ಜೋಳದ ಹಿಟ್ಟಿಗೇ ಹತ್ತುತ್ತಿತ್ತು. ಮನೆಯ ನೆಲ ಫರಸಿ, ಗೋಡೆ ಫರಸಿ, ತಲೆಯ ಮೇಲಿನ ಮಾಳಿಗೆಯೂ ಫರಸಿ. ಬೇಸಿಗೆಯಲ್ಲಿ ಮಧ್ಯಾಹ್ನ ಒಳಗೆ ಹೊಕ್ಕ ಕಾವು ಸಂಜೆಯಾದರೂ ಹೊರಬೀಳುತ್ತಿರಲಿಲ್ಲ. ಆ ಮನೆಯಲ್ಲಿ ಯಾರಾದರೂ ಮೆತ್ತಗೆ ಮಾತಾಡಿದ್ದು ನನಗೆ ನೆನಪಿಲ್ಲ. ಮೊದಲನೆಯದಾಗಿ ಘಣದ, ಅಂದರೆ ದೊಡ್ಡ ಸುತ್ತಿಗೆಯ, ಸದ್ದಿನಲ್ಲಿ ಮೆತ್ತಗಿನ ಮಾತು ಕೇಳುತ್ತಿರಲಿಲ್ಲ. ಎರಡನೆಯದಾಗಿ ಮೆತ್ತಗೆ ಮಾತಾಡುವಂಥ ಕಾರಣಗಳೇ ಕಡಿಮೆ ಇರುತ್ತಿದ್ದವು.

ಏಳನೇ ಇಯತ್ತೆ ಮುಗಿಸಿದ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ. ಘಣ ಹೊಡೆಯುವ ಆಳು ಊರಿಗೆ ಹೋದವ ತಿರುಗಿ ಬರಲಿಲ್ಲ. ಒಂದು ದಿನದ ಮಟ್ಟಿಗೆ ಅಂತ ನಾನು ಹಿಡಿದೆ, ಮರುದಿನವೂ ಹಿಡಿದೆ, ಹಾಗೇ ನಡೆದುಹೋಯಿತು. ಮಾಸ್ತರರು ಒಮ್ಮೆ ಮನೆಗೆ ಬಂದು, ಪಾಟಾ ರಾಶಿಗೆ ಧೋತರ ಸಿಕ್ಕಿಸಿಕೊಂಡು ಹರಿದುಕೊಂಡು, ಬೈಯುತ್ತಾ ಹೋದರು. ಶಾಲೆ ಬಿಟ್ಟದ್ದಕ್ಕೆ ನನಗೆ ನಾಚಿಕೆ ಇಲ್ಲ. ಕೆಂಪಗೆ ಕಾದ ಪಟ್ಟಿಯನ್ನು ಅಪ್ಪ ಇಕ್ಕಳದಲ್ಲಿ ಹಿಡಿದು ಸಣ್ಣ ಸುತ್ತಿಗೆಯಿಂದ ಎಲ್ಲಿ ಮುಟ್ಟುತ್ತಾನೋ ಅಲ್ಲೇ ನನ್ನ ಘಣ ಬೀಳಬೇಕು, ಒಂದು ಬೆರಳು ಆಚೆ ಬಿದ್ದರೆ ಪಟ್ಟಿ ಕೆಟ್ಟಂತೆ. ನನ್ನದು ಆಚೆ ಬೀಳುತ್ತಿರಲಿಲ್ಲ. ಆ ವಯಸ್ಸಿಗೆ ಮನೆಯ ಅನ್ನ ನಾನೂ ದುಡಿಯುತ್ತಿದ್ದೆ, ಆ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಸಿಟ್ಟು ಬರುತ್ತಿದ್ದದ್ದು ಬೇರೆ ಕಾರಣಕ್ಕೆ. ಘಣ ಹೊಡೆಯುವವನಿಗೆ ಎಲ್ಲಿ ಹೊಡೆಯಬೇಕು ಅಂತ ಹೇಳುವವರಿದ್ದರು, ಎಲ್ಲಿ ಹೊಡೆಯಬಾರದು ಅಂತ ಅವ ಹೇಳಿದರೆ ಕೇಳುವವರಿರಲಿಲ್ಲ.

ಅವ್ವ ಮೊದಲು ಫರಸಿ ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದಳು. ಅಲ್ಲಿ ಒಂದು ದಿನ ನೀರು ಬಿದ್ದ ನೆಲದ ಮೇಲೆ ಕಲ್ಲಿನ ಸಮೇತ ಜಾರಿ ಬಿದ್ದು ಸೊಂಟ ಹಿಡಿಸಿಕೊಂಡಳು. ಅಂದಿನಿಂದ ಆಕೆ ಕೂಡಲಾರಳು. ನಿಲ್ಲಬಲ್ಲಳು, ಮಲಗಬಲ್ಲಳು, ಕೂತರೆ ಮಾತ್ರ ಕಣ್ಣಲ್ಲಿ ನೀರು. ಒಲೆಯನ್ನು ಎದೆಮಟ್ಟಕ್ಕೆ ಎತ್ತಿ ಫರಸಿಯ ಕಟ್ಟೆ ಮಾಡಿಕೊಟ್ಟವ ನಮ್ಮ ಕಾಕಾ, ಅಪ್ಪನ ತಮ್ಮ. ಆಕೆ ನಿಂತೇ ರೊಟ್ಟಿ ಬಡಿಯುತ್ತಿದ್ದಳು, ನಿಂತೇ ಉಣ್ಣುತ್ತಿದ್ದಳು. ನಾವೆಲ್ಲ ಕೂತು ಪುಂಡಿಪಲ್ಯ, ಶೇಂಗಾ ಹಿಂಡಿ ಹಚ್ಚಿಕೊಂಡು ಉಣ್ಣುವಾಗ ಅವ್ವ ಗೋಡೆಗೆ ಬೆನ್ನು ಹಚ್ಚಿ, ಅಂಗೈಯಲ್ಲಿ ರೊಟ್ಟಿ ಹಿಡಿದು, ಮೇಲಿನಿಂದ ನಮ್ಮನ್ನು ನೋಡುತ್ತಾ ಉಣ್ಣುವುದು ನನಗೆ ಸರಿಬರುತ್ತಿರಲಿಲ್ಲ. ಚಿಂಚೋಳಿಯ ಆಚೆ ಚಿಮ್ಮನಚೋಡದಲ್ಲಿ ಒಬ್ಬ ಮುದುಕ ಎಣ್ಣೆ ಹಚ್ಚಿ ಸೊಂಟ ತೀಡುತ್ತಿದ್ದ. ಅವನ ಕೈ ಬಿದ್ದ ಮೇಲೆ ನಾಲ್ಕು ದಿನ ಆಕೆಗೆ ಹಗುರವಾಗುತ್ತಿತ್ತು. ಆದರೆ ವಾಡಿಯಿಂದ ಚಿತ್ತಾಪುರ, ಸೇಡಂ, ಸುಲೇಪೇಟ ದಾಟಿ ಅಲ್ಲಿಗೆ ಹೋಗುವ ರಸ್ತೆ ಹೇಗಿತ್ತೆಂದರೆ, ಹೋಗುವಾಗ ಇದ್ದ ನೋವನ್ನು ಮುದುಕ ತೆಗೆಯುತ್ತಿದ್ದ, ಬರುವಾಗಿನ ರಸ್ತೆ ಮತ್ತೆ ಇಟ್ಟು ಕಳಿಸುತ್ತಿತ್ತು. ಬಸ್ಸಿನಲ್ಲಿ ಆಕೆಯನ್ನು ಒಯ್ಯುವಂತಿರಲಿಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿಯೇ ಒಯ್ಯಬೇಕು, ಮತ್ತು ಆ ಗಾಡಿಯ ಹಿಂದಿನ ಪಾಟಾ ಮೆತ್ತಗಿರಬೇಕು.

ಗಾಡಿ ನಮ್ಮಲ್ಲಿತ್ತು. ಹರಾಜಿನಲ್ಲಿ ಹಿಡಿದ ಹಳೆಯ ಬಿಳಿ ಅಂಬಾಸಿಡರ್, ಅಪ್ಪ ಮತ್ತು ಕಾಕಾ ಕೂಡಿ ತಂದದ್ದು. ಕಾಕಾ ಅದನ್ನು ವಾಡಿ ಸ್ಟೇಷನ್ನಿನಿಂದ ಚಿತ್ತಾಪುರಕ್ಕೆ ಬಾಡಿಗೆ ಓಡಿಸುತ್ತಿದ್ದ. ಎಲ್ಲಿಂದಲೋ ಗುಜರಿಯಿಂದ ಒಂದು ಜಪಾನಿ ಎಂಜಿನ್ ತಂದು ಅದಕ್ಕೆ ಕೂಡಿಸಿದ್ದ. ಅಂದಿನಿಂದ ಅವನ ತಲೆ ಕೆಟ್ಟಿತು. ಸುಗ್ಗಿ ಮುಗಿದ ಮೇಲೆ ಶಹಾಬಾದ ಕಡೆಯ ಗಣಿಗಳ ನಡುವಿನ ನೆಟ್ಟನೆಯ ರಸ್ತೆಯಲ್ಲಿ ಎತ್ತಿನ ಬಂಡಿಗಳ ಶರತ್ತು, ಅಂದರೆ ಓಟದ ಪಂದ್ಯ, ನಡೆಯುತ್ತಿತ್ತು. ಅದು ಮುಗಿದ ಬಳಿಕ ಹಳೆಯ ಕಾರುಗಳ ಶರತ್ತು. ಸುಣ್ಣದ ಗೆರೆಯ ಮೇಲೆ ಎರಡು ಗಾಡಿ ನಿಲ್ಲಬೇಕು, ಟವೆಲ್ ಬೀಸಿದರೆ ಬಿಡಬೇಕು, ಗಣಿಯ ತೂಕದ ಕಾಟಾ ಇರುವ ಶೆಡ್ಡನ್ನು ಯಾವುದು ಮೊದಲು ಮುಟ್ಟುತ್ತದೋ ಅದು ಗೆದ್ದಂತೆ. ತಿರುವು ಇಲ್ಲ, ಬ್ರೇಕಿನ ಕೆಲಸ ಇಲ್ಲ. ನಿಂತ ಜಾಗದಿಂದ ಹಾರುವುದೇ ಎಲ್ಲ. ಕಾಕಾನ ಗಾಡಿಗೆ ಎಂಜಿನ್ನಿನ ಕಸುವು ಬೇಕಾದಷ್ಟಿತ್ತು, ಹಾರುವುದೊಂದೇ ಬರುತ್ತಿರಲಿಲ್ಲ. ಕ್ಲಚ್ ಬಿಟ್ಟ ಕೂಡಲೇ ಹಿಂದಿನ ಅಚ್ಚು ತಿರುಚಿಕೊಂಡು, ಮೆತ್ತಗಿನ ಪಾಟಾ ಹಾವಿನ ಹಾಗೆ ಅಂಕುಡೊಂಕಾಗಿ, ಮರುಕ್ಷಣ ಸಿಡಿದು ನೆಟ್ಟಗಾಗಿ, ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತಿತ್ತು. ಕಾಕಾ ಕಪ್ಪೆ ಓಡಿಸಿಕೊಂಡು ಬಂದಾನ ಅಂತ ಜನ ನಗುತ್ತಿದ್ದರು.

ಅಪ್ಪನಿಗೆ ಇದು ಮನೆತನದ ಮರ್ಯಾದೆಯ ಪ್ರಶ್ನೆ. ಪಾಟಾ ಮಾಡುವವನ ಮನೆಯ ಗಾಡಿ ಪಾಟಾದಿಂದ ನಗೆಪಾಟಲಾಗುವುದೇ? ಅವನಿಗೆ ಗೊತ್ತಿದ್ದ ಔಷಧ ಒಂದೇ. ಕಲ್ಲಿನ ಲಾರಿಗೆ ಪಾಟಾ ಕುಸಿದರೆ ಇನ್ನೊಂದು ಪಟ್ಟಿ ಸೇರಿಸು, ಮತ್ತೆ ಕುಸಿದರೆ ಮತ್ತೊಂದು ಸೇರಿಸು. ನಮ್ಮ ಕಡೆಯ ಎಲ್ಲ ಕಮ್ಮಾರರ ಬುದ್ಧಿಯೂ ಅದೇ, ಫರಸಿಯ ನಾಡಿನಲ್ಲಿ ಹುಟ್ಟಿದವರಿಗೆ ಗಾಡಿ ಅಂದರೆ ಭಾರ ಹೊರುವುದು, ಅಷ್ಟೇ. ಅಪ್ಪ ಲಾರಿಯ ಮುರಿದ ಪಾಟಾಗಳನ್ನು ತುಂಡರಿಸಿ, ಅಂಬಾಸಿಡರಿನ ಅಳತೆಗೆ ತಂದು, ಹಳೆಯ ಪಟ್ಟಿಗಳ ಕೆಳಗೆ ಸೇರಿಸಿ ಕಟ್ಟಿದ. ಗಾಡಿ ಹಿಂದೆ ಎತ್ತರಕ್ಕೆ ನಿಂತಿತು.

"ಅಣ್ಣಾ, ಇದೇನು ಶರತ್ತಿಗಿ ಹೊಂಟದೋ, ಕಲ್ಲ ಹೇರಾಕ ಹೊಂಟದೋ?" ಕಾಕಾ ಕೇಳಿದ.

"ಗಾಡಿ ಹಿಂದ ಎತ್ತಿ ನಿಂತಿರಬೇಕಪಾ. ಕುಂಡಿ ನೆಲಕ್ಕ ಹತ್ತಿಸಿಕೊಂಡು ನಿಂತ ಗಾಡಿಗಿ ಯಾರು ಮರ್ಯಾದಿ ಕೊಡ್ತಾರ?"

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕಾರು, ಜೀಪು ಯಾವುದಕ್ಕೇ ಹೊಸ ಪಾಟಾ ಹಾಕಿದರೂ ಗಿರಾಕಿಗೆ ಕೊಡುವ ಮುಂಚೆ ಅದರ ಹಿಂದಿನ ಸೀಟಿನಲ್ಲಿ ನಮ್ಮ ಆಯಿಯನ್ನು, ಅಂದರೆ ಅಪ್ಪನ ಅವ್ವನನ್ನು, ಕೂಡಿಸಿಕೊಂಡು ರೈಲ್ವೆ ಗೇಟಿನ ಹಳಿಗಳ ಮೇಲೆ ಹಾಯಿಸಿಕೊಂಡು ಬರಬೇಕು. ಆಯಿಯ ಬಾಯಲ್ಲಿ ಸದಾ ಎಲೆ ಅಡಕೆ ಇರುತ್ತಿತ್ತು. ಹಳಿ ದಾಟುವಾಗ ಆಕೆ ನಾಲಿಗೆ ಕಚ್ಚಿಕೊಂಡರೆ ಪಾಟಾ ಬಿರುಸು, ಮತ್ತೆ ಬಿಚ್ಚಬೇಕು. ಕಚ್ಚಿಕೊಳ್ಳದಿದ್ದರೆ ಪಾಸು. ಗಿರಾಕಿಗಳೂ ಅದನ್ನು ನಂಬುತ್ತಿದ್ದರು, ಮುದುಕಿ ಕೂತು ಬಂದಳೇನು ಅಂತ ಕೇಳಿಯೇ ಒಯ್ಯುತ್ತಿದ್ದರು. ಕಾಗಿಣಾ ಹೊಳೆಯ ದಂಡೆಯಲ್ಲಿ ಬೆಳೆದವಳು ಆಕೆ, ಯಾವ ಗಾಡಿಯನ್ನೂ ಮೆಚ್ಚುತ್ತಿರಲಿಲ್ಲ. ಅಪ್ಪನ ಹೊಸ ಪಾಟಾದ ಅಂಬಾಸಿಡರಿನಿಂದ ಇಳಿದವಳು ಮೊದಲು ರಕ್ತ ಉಗುಳಿದಳು, ಆಮೇಲೆ ಮಾತಾಡಿದಳು.

"ನಮ್ಮಪ್ಪನ ಹರಗೋಲು ಇದಕ್ಕಿಂತ ಛಂದ ತೇಲ್ತಿತ್ತು. ಇದರಾಗ ಸೊಸಿನ್ನ ಮಲಗಿಸಿ ಒಯ್ದ್ರ ಸೊಂಟ ಅಲ್ಲ, ಕುತಗೀನೇ ಹೋಗ್ತದ ನೋಡು."

ಅಪ್ಪ ಕೇಳಲಿಲ್ಲ. ಅದು ಶರತ್ತಿನ ಪಾಟಾ, ಅದಕ್ಕೆ ನಾಲಿಗೆಯ ಲೆಕ್ಕ ಬೇರೆ ಅಂದ. ಹಾಗಾದರೆ ಚಿಮ್ಮನಚೋಡಕ್ಕೆ ಹೋಗುವುದು ಹೇಗೆ ಅಂತ ನಾನು ಕೇಳಿದೆ. ಆಗ ಮನೆಯಲ್ಲಿ ಒಂದು ತೀರ್ಮಾನವಾಯಿತು, ಅಥವಾ ಯಾರೂ ತೀರ್ಮಾನ ಮಾಡದೆ ತಾನಾಗಿ ಜಾರಿಗೆ ಬಂತು. ಗಾಡಿಗೆ ಎರಡು ಜೋಡಿ ಪಾಟಾ. ಶರತ್ತಿನ ಹಿಂದಿನ ದಿನ ಬಿರುಸು ಜೋಡಿ ಹಾಕಬೇಕು, ಶರತ್ತು ಮುಗಿದ ಮರುದಿನ ಬಿಚ್ಚಿ ಮೆತ್ತಗಿನ ಜೋಡಿ ಹಾಕಬೇಕು, ಅವ್ವ ಹೋಗಿ ಬಂದ ಮೇಲೆ ಮತ್ತೆ ಬಿರುಸು. ಹಾಕುವವ ನಾನು, ಬಿಚ್ಚುವವನೂ ನಾನು. ಜಾಕ್ ಕೊಟ್ಟು ಗಾಡಿ ಎತ್ತಿ, ಫರಸಿಯ ಮೇಲೆ ಅಂಗಾತ ಮಲಗಿ, ಪಾಟಾವನ್ನು ಅಚ್ಚಿಗೆ ಬಿಗಿಯುವ, ಕಾರ್ಖಾನೆಯ ಸಿಮೆಂಟಿನ ಧೂಳು ತುಂಬಿದ ಯು ಬೋಲ್ಟುಗಳ ನಟ್ಟು ಬಿಡಿಸುವುದು. ಬೆಳಿಗ್ಗೆ ಬಿಗಿ ಮಾಡಿದ್ದನ್ನು ಸಂಜೆ ಸಡಿಲು ಮಾಡುವ ಕೆಲಸದಂಥ ತಲೆಶೂಲೆ ಇನ್ನೊಂದಿಲ್ಲ. ಬೋಲ್ಟಿನ ಹಲ್ಲು ಸವೆದವು, ನನ್ನ ಬೆರಳ ಗೆಣ್ಣು ಸುಲಿದವು. ಎಷ್ಟೋ ಸಲ ಅವ್ವನ ದಿನ ಬಂದರೂ ಬಿರುಸು ಪಾಟಾ ಇನ್ನೂ ಗಾಡಿಯಲ್ಲೇ ಇರುತ್ತಿತ್ತು, ಯಾಕೆಂದರೆ ಅವತ್ತು ಕುಲುಮೆಯಲ್ಲಿ ಲಾರಿ ಇರುತ್ತಿತ್ತು, ಲಾರಿ ಬಿಟ್ಟು ಮನೆಯ ಗಾಡಿ ಮುಟ್ಟುವಂತಿರಲಿಲ್ಲ. ಆಗ ಅವ್ವ ಗೋಡೆಗೆ ಒರಗಿ ನಿಂತು, "ಇರಲಿ, ಮುಂದಿನ ವಾರ ಹೋಗೋಣಂತ" ಅನ್ನುತ್ತಿದ್ದಳು. ಇಷ್ಟಾಗಿಯೂ ಕಾಕಾ ಶರತ್ತು ಗೆಲ್ಲುತ್ತಿದ್ದನೇ ಅಂದರೆ ಅದೂ ಇಲ್ಲ. ಬಿರುಸು ಪಾಟಾದ ಮೇಲೆ ಖಾಲಿ ಗಾಡಿಯ ಹಿಂಬದಿ ನೆಲಕ್ಕೆ ಒತ್ತಿ ಕೂಡುತ್ತಲೇ ಇರಲಿಲ್ಲ. ಕುಪ್ಪಳಿಸುವುದು ಕಡಿಮೆಯಾಯಿತು, ಬದಲಿಗೆ ಚಕ್ರ ನಿಂತಲ್ಲೇ ಗರಗರ ತಿರುಗಿ ಧೂಳೆಬ್ಬಿಸಿ ಗಾಡಿ ಓರೆಯಾಗುತ್ತಿತ್ತು. ಶಹಾಬಾದದ ಒಂದು ಮುದಿ ಫಿಯಾಟು ಪ್ರತಿಸಲವೂ ಅದರ ಮುಂದೆ ಹಾಯ್ದು ಹೋಗುತ್ತಿತ್ತು.

"ಇನ್ನೊಂದು ಪಟ್ಟಿ ಸೇರಸಬೇಕಾಗಿತ್ತು," ಅಪ್ಪ ಅನ್ನುತ್ತಿದ್ದ.

"ಸೇರಸು ಅಣ್ಣಾ, ಸೇರಸು. ನಾಕು ಫರಸೀನೂ ಡಿಕ್ಕಿದಾಗ ಇಟಗೊಂಡು ಹೋಗ್ತೀನಿ," ಕಾಕಾ ಅನ್ನುತ್ತಿದ್ದ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಈಗಲೂ ನನ್ನ ಅಂಗಡಿಗೆ ಕಲಬುರಗಿಯಿಂದ, ಹೈದರಾಬಾದಿನಿಂದ ಹುಡುಗರು ಹಳೆಯ ಅಂಬಾಸಿಡರು, ಪದ್ಮಿನಿ ತೆಗೆದುಕೊಂಡು ಬರುತ್ತಾರೆ. ಮೊಬೈಲಿನಲ್ಲಿ ಯಾವುದೋ ದೇಶದ ಗಾಡಿ ಹೊಗೆಯೆಬ್ಬಿಸಿ ಹಾರುವ ವಿಡಿಯೊ ತೋರಿಸಿ, ಹಿಂಗ ಹಾರಬೇಕು, ದಿನಾ ಊರಾಗೂ ಓಡಸಬೇಕು, ಯಾವ ಪಾಟಾ ಹಾಕೋಣ ಅನ್ನುತ್ತಾರೆ. ಹಿಂದೆ ಎತ್ತಿ ನಿಲ್ಲುವ ಹಾಗೆ ಮಾಡಿಕೊಡು ಅಂತ ಕೊನೆಗೆ ಸೇರಿಸುತ್ತಾರೆ. ನನಗೆ ಮೈ ಉರಿಯುತ್ತದೆ. ಎತ್ತರ ಬೇರೆ, ಬಿರುಸು ಬೇರೆ, ಹಿಡಿತ ಬೇರೆ. ಪಟ್ಟಿಯ ಲೆಕ್ಕದಲ್ಲಿ ಪಾಟಾ ಆರಿಸಬೇಡಿರಪ್ಪಾ, ಗಾಡಿಯ ಹಿಂದೆ ಎಷ್ಟು ತೂಕ ಇದೆ, ಎಂಜಿನ್ನು ಎಷ್ಟು ತಿರುಚುತ್ತದೆ, ಸೀಟಿನಲ್ಲಿ ಕೂಡುವವರು ಯಾರು, ಅದನ್ನು ಮೊದಲು ಹೇಳಿರಿ ಅನ್ನುತ್ತೇನೆ. ಕೇಳುವವರು ಕೇಳುತ್ತಾರೆ. ಉಳಿದವರು ಎತ್ತರ ಮಾಡಿಸಿಕೊಂಡು ಫೋಟೊ ಹೊಡೆದುಕೊಂಡು ಹೋಗುತ್ತಾರೆ.

ಗಾಡಿಯ ಕೆಳಗೆ ಅಷ್ಟು ಸಲ ಮಲಗಿದವನಿಗೆ ಏನಾದರೂ ಕಾಣದೆ ಇರುವುದಿಲ್ಲ. ಒಂದು ದಿನ ಕಾಕಾ ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಹಾಕಿ, ಕ್ಲಚ್ಚನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ನೋಡುತ್ತಿದ್ದ. ನಾನು ಪಕ್ಕದಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ನೋಡಿದೆ. ಪಾಟಾ ಪೂರ್ತಿ ತಿರುಚುತ್ತಿರಲಿಲ್ಲ. ಅಚ್ಚಿನಿಂದ ಮುಂದಿನ ಅರ್ಧ ಮಾತ್ರ ಬೆನ್ನು ಏರಿಸುತ್ತಿತ್ತು. ಹಿಂದಿನ ಅರ್ಧ ತನ್ನ ತೂಗಾಡುವ ಕೊಂಡಿಗೆ ಜೋತುಬಿದ್ದು ಸುಮ್ಮನೆ ಇತ್ತು. ಅಂದ ಮೇಲೆ ಬಿರುಸಾಗಬೇಕಾದದ್ದು ಮುಂದಿನ ಅರ್ಧವೊಂದೇ. ಹಿಂದಿನ ಅರ್ಧ ಅವ್ವನ ಪಾಲಿಗೆ ಮೆತ್ತಗೆ ಇದ್ದರೆ ಏನು ಗಂಟು ಹೋಗುತ್ತದೆ? ನನಗೆ ಅನಿಸಿದ್ದು ಇಷ್ಟೇ. ಲಾರಿಯ ಪಟ್ಟಿಗಳನ್ನೆಲ್ಲ ತೆಗೆಯಬೇಕು, ಹಳೆಯ ತೆಳು ಪಟ್ಟಿಗಳನ್ನೇ ಇಟ್ಟುಕೊಳ್ಳಬೇಕು, ನಡು ಬೋಲ್ಟಿನಿಂದ ಮುಂದಿನ ಕಣ್ಣಿನ, ಅಂದರೆ ಪಾಟಾ ಗಾಡಿಗೆ ಸಿಕ್ಕಿಕೊಳ್ಳುವ ತೂತಿನ, ತನಕ ಮಾತ್ರ ಒಂದು ಅರೆಪಟ್ಟಿ ಸೇರಿಸಿ, ಪಟ್ಟಿಗಳನ್ನು ಕೂಡಿಸಿ ಹಿಡಿಯುವ ಮುಂದಿನ ಕ್ಲಿಪ್ಪುಗಳನ್ನು ಬಿಗಿ ಹೊಡೆದು, ಹಿಂದಿನವನ್ನು ಬಿಚ್ಚಿಬಿಡಬೇಕು. ಉಣ್ಣುವಾಗ ಅಪ್ಪನಿಗೆ ಹೇಳಿದೆ.

"ಕಮಾನು ಅಂದ್ರ ಏನು?" ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ.

"ಕಮಾನು ಅಂದ್ರ ಕಮಾನು."

"ಎರಡೂ ಕಡಿ ಬರೋಬ್ಬರ್ ಇದ್ರ ಅದು ಕಮಾನು. ನೊಗದ ಹಾಂಗ. ಒಂದು ಕಡಿ ಬಿಗಿ, ಒಂದು ಕಡಿ ಸಡಿಲ ಮಾಡಿದ್ರ ಅದಕ್ಕ ಏನಂತಾರ ಗೊತ್ತದ? ಕುಂಟ ಅಂತಾರ."

"ಕುಂಟ ಆದ್ರ ಆಗಲಿ. ಅವ್ವ ಕುಂದರ್ತಾಳ."

"ಏಳನೇತ್ತ ಓದಿ ನನಗ ಕಮಾನು ಕಲಸಾಕ ಬಂದಾನ ನೋಡು ಇವ."

"ನೀ ಎರಡನೇತ್ತ, ಅಣ್ಣಾ," ಕಾಕಾ ಅಂದ. "ಮನ್ಯಾಗ ಅವನೇ ಹೆಚ್ಚು ಓದ್ಯಾನ."

ಆಯಿ ನಕ್ಕಳು, ಅವ್ವ ನಗಲಿಲ್ಲ. ಗೋಡೆಗೆ ನಿಂತವಳು ಅಪ್ಪನ ಕಡೆ ನೋಡಿ, "ಮಾಡ್ಲಿ ಬಿಡ್ರಿ ಒಂದ್ಸಲ. ಕೆಟ್ಟ್ರ ನಂದೇ ಸೊಂಟ ಕೆಡ್ತದ, ನಿಮ್ಮದೇನಲ್ಲ" ಅಂದಳು. ಆಕೆ ಆ ಮನೆಯಲ್ಲಿ ಏನನ್ನೂ ಕೇಳಿದವಳಲ್ಲ. ಅಪ್ಪ ತಾಟು ಸರಿಸಿ ಎದ್ದುಹೋದ. ಬೇಡ ಅಂತಲೂ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಮರುದಿನ ನಾನು ಪಟ್ಟಿ ಕುಲುಮೆಗೆ ಇಟ್ಟಾಗ ಇಕ್ಕಳ ಹಿಡಿಯಲು ಬರಲಿಲ್ಲ. ಕಾಕಾ ಇಕ್ಕಳ ಹಿಡಿದ, ಹಿಡಿಯಲು ಬಾರದೆ ಎರಡು ಸಲ ಕೈ ಸುಟ್ಟುಕೊಂಡ, ನನಗೆ ಬೈದ, ಹಿಡಿದ. ಆ ಅರೆಪಟ್ಟಿಯಲ್ಲಿ ಅಪ್ಪನ ಸುತ್ತಿಗೆಯ ಒಂದು ಗುರುತೂ ಇರಲಿಲ್ಲ.

ಪಾಟಾ ಹಾಕಿ ಇಳಿಸಿದಾಗ ಗಾಡಿ ಎತ್ತಿ ನಿಲ್ಲಲಿಲ್ಲ. ಸಾದಾ ನಿಂತಿತು. ಈ ಸಲ ಆಯಿಯ ಜೊತೆ ಅವ್ವನೂ ಕೂತಳು, ಮಲಗಲಿಲ್ಲ, ಕೂತಳು. ಕಾಕಾ ರೈಲ್ವೆ ಗೇಟಿನ ಹಳಿಗಳ ಮೇಲೆ ಹಾಯಿಸಿದ. ನಾನು ಮುಂದಿನ ಸೀಟಿನಲ್ಲಿ ಹಿಂದೆ ತಿರುಗಿ ಅವ್ವನ ಮುಖವನ್ನೇ ನೋಡುತ್ತಿದ್ದೆ. ಹಳಿ ದಾಟಿತು. ಆಯಿ ಎಲೆ ಅಡಕೆ ಜಗಿಯುತ್ತಲೇ ಇದ್ದಳು. ಅವ್ವ ಕಣ್ಣು ಮುಚ್ಚಿದ್ದಳು, ತೆರೆದಳು.

"ಇನ್ನೊಮ್ಮೆ ಹೋಗೋಣ," ಅಂದಳು.

"ಯಾಕ ವೈನಿ, ನೋವಾತೇನು?" ಕಾಕಾ ತನ್ನ ಅತ್ತಿಗೆಯನ್ನು ಕೇಳಿದ.

"ನೋವಾಗಿಲ್ಲ, ಅದಕ್ಕೇ ಅಂದೆ. ತಿರುಗಸು."

ಆ ವಾರ ನಾವು ಚಿಮ್ಮನಚೋಡಕ್ಕೆ ಹೋದೆವು. ಸೇಡಂ ಮುಟ್ಟುವ ತನಕ ಅವ್ವ ಮಲಗಿದ್ದಳು, ಆಮೇಲೆ ಎದ್ದು ಕೂತು ಕಿಟಕಿಯಿಂದ ತೊಗರಿಯ ಹೊಲ ನೋಡುತ್ತಾ ಬಂದಳು. ಆಡಕಿಗೆ ಹೋಗುವ ದಾರಿ ಕಂಡಾಗ, ಅಲ್ಲಿ ತನ್ನ ತವರಿನ ಮಂದಿ ಈಗ ಏನು ಮಾಡುತ್ತಿರಬಹುದು ಅಂತ ಒಬ್ಬೊಬ್ಬರ ಹೆಸರು ಹಿಡಿದು ಹೇಳಿದಳು. ಚಿಮ್ಮನಚೋಡದ ಮುದುಕ ತೆಲುಗು ಬೆರೆತ ಕನ್ನಡದವ, "ಪಂಡಕೋ ತಲ್ಲೀ, ಪಂಡಕೋ" ಅಂತ ಮಲಗಿಸಿ ತೀಡಿ, ಈ ಸಲ ನರದ ಹುರಿ ಬಿಟ್ಟದ, ಹಿಂಗೇ ಮಳೆಗಾಲದ ತನಕ ಬಿಡದೆ ಬಂದರೆ ನೆಟ್ಟಗಾಗ್ತಿ ತಾಯಿ ಅಂದ. ಬಿಡದೆ ಬರಬೇಕು, ನಡುವೆ ಒಂದು ವಾರ ತಪ್ಪಬಾರದು. ಬರುವಾಗ ಸುಲೇಪೇಟದ ಬಸ್ ನಿಲ್ದಾಣದ ಎದುರು ಗಾಡಿ ನಿಲ್ಲಿಸಿ ಮಿರ್ಚಿ ಭಜಿ ತಂದೆವು. ಅವ್ವ ಸೀಟಿನಲ್ಲಿ ಕೂತು ತಿಂದಳು. ಆಕೆ ಕೂತು ಏನಾದರೂ ತಿಂದದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಆ ಗಾಡಿ ನನ್ನ ಪಾಟಾದ ಮೇಲೆ ಇನ್ನೆರಡು ಸಲ ಚಿಮ್ಮನಚೋಡಕ್ಕೆ ಹೋಗಿ ಬಂತು. ಬಿಚ್ಚುವ, ಕಟ್ಟುವ ಕೆಲಸವೇ ಇರಲಿಲ್ಲ. ಮನೆಯಲ್ಲಿ ಒಂದು ಥರದ ಸಮಾಧಾನ ಬಂದಿತ್ತು. ಅಪ್ಪ ಮಾತ್ರ ಆ ಪಾಟಾದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಕಾಯುತ್ತಿದ್ದೆ, ಅವ ಆಡಲಿಲ್ಲ.

ಅಷ್ಟರಲ್ಲಿ ಶರತ್ತು ಬಂತು. ಅಪ್ಪ, ಕಾಕಾ, ನಾನು ಮೂವರೂ ಹೋದೆವು. ಎತ್ತುಗಳ ಧೂಳು ಇನ್ನೂ ಇಳಿದಿರಲಿಲ್ಲ. ಕಾಕಾ ಸುಣ್ಣದ ಗೆರೆಯ ಮೇಲೆ ಗಾಡಿ ತಂದು ನಿಲ್ಲಿಸಿದಾಗ, ಕಪ್ಪೆ ಬಂತು ಕಪ್ಪೆ ಅಂತ ಯಾರೋ ಕೂಗಿದರು. ಟವೆಲ್ ಬೀಸಿದರು. ಗಾಡಿಯ ಹಿಂಬದಿ ಒಂದು ಸಲ ಕೆಳಗೆ ಒತ್ತಿ ಕೂತಿತು, ಚಕ್ರ ನೆಲ ಕಚ್ಚಿತು, ಅಷ್ಟೇ, ನೆಟ್ಟಗೆ ಹೋಯಿತು. ಕುಪ್ಪಳಿಸಲಿಲ್ಲ, ಓರೆಯಾಗಲಿಲ್ಲ. ಫಿಯಾಟು ಗೇರ್ ಬದಲಿಸುವುದರೊಳಗೆ ಕಾಕಾ ಕಾಟಾದ ಶೆಡ್ಡು ಮುಟ್ಟಿದ್ದ. ಆಮೇಲೆ ಬಂದ ಸೇಡಮಿನ ಜೀಪನ್ನೂ ಸೋಲಿಸಿದ. ಜನ ಅವನನ್ನು ಎತ್ತಿಕೊಂಡರು, ಗುಲಾಲು ಎರಚಿದರು. ನನಗೂ ಎದೆ ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಕೆಟ್ಟದ್ದು ಅಲ್ಲಿಯೇ. ಗೆದ್ದ ಎತ್ತುಗಳನ್ನು ಶರತ್ತು ಮುಗಿದ ಮೇಲೆ ಅಲ್ಲೇ ಕೊಳ್ಳುವುದು, ಮಾರುವುದು ನಮ್ಮ ಕಡೆ ಇದ್ದದ್ದೇ. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಯ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಹೇಳುವುದು. ಹಿಡಿದ ಬೆರಳನ್ನು ಎದುರಿನವ ಒತ್ತಿದರೆ ವ್ಯವಹಾರ ಮುಗಿಯಿತು, ಆಮೇಲೆ ಜಗ್ಗಾಟ ಇಲ್ಲ. ಗಣಿಯ ಒಬ್ಬ ಮುದಿ ಸಾವಕಾರ ಕಾಕಾನ ಹತ್ತಿರ ಬಂದು, ನಗುತ್ತಾ, ಎತ್ತಿಗೆ ಮಾಡಿದ ಹಾಗೆ ತನ್ನ ಟವೆಲ್ ಹಾಸಿ ಕೈ ಚಾಚಿದ. ಸುತ್ತ ಇದ್ದವರು ಹೋ ಅಂದರು. ಗುಲಾಲಿನ ಮುಖದ ಕಾಕಾನೂ ನಗುತ್ತಲೇ ಟವೆಲಿನ ಕೆಳಗೆ ಕೈ ಹಾಕಿ, ಯಾರೂ ಕೊಡಲಾರದಂಥ ಬೆಲೆಗೆ ಬೆರಳು ಹಿಡಿದ. ಚೇಷ್ಟೆಗೆ. ಸಾವಕಾರನ ನಗು ನಿಂತಿತು. ಅವ ಬೆರಳು ಒತ್ತಿದ.

ಕಾಕಾ ಕೈ ಹೊರಗೆ ತೆಗೆಯಲೇ ಇಲ್ಲ.

"ಸಾವಕಾರ್ರೇ, ನಾ ಚೇಷ್ಟಿಗಿ ಹಿಡದಿದ್ದೆ."

"ನಾ ಚೇಷ್ಟಿಗಿ ಒತ್ತಿಲ್ಲಪಾ," ಸಾವಕಾರ ಅಂದ.

ಇಬ್ಬರೂ ಅಪ್ಪನ ಕಡೆ ನೋಡಿದರು. ಸುತ್ತ ಇದ್ದ ಅಷ್ಟೂ ಜನ ನೋಡಿದರು. ಅಪ್ಪ ತಲೆಯ ಮೇಲಿನ ಟೋಪಿ ತೆಗೆದು ಝಾಡಿಸಿ ಮತ್ತೆ ಹಾಕಿಕೊಂಡ.

"ಟವೆಲ್ ಕೆಳಗ ಬೆರಳ ಹಿಡದ ಮ್ಯಾಲ ಮಾತು ಮುಗೀತು," ಅಂದ.

ನಾನು ಅಪ್ಪನ ತೋಳು ಹಿಡಿದು ಜಗ್ಗಿದೆ. ಅವ್ವನ ವಾರ ಇನ್ನೂ ಮುಗಿದಿಲ್ಲ, ಮಳೆಗಾಲದ ತನಕ ಬಿಡದೆ ಬಾ ಅಂದಾನ ಮುದುಕ, ಹೇಳು ಅವರಿಗೆ ಅಂದೆ. ಅಪ್ಪನಿಗೆ ಕೇಳಿಸಿತು. ಕೇಳಿಸಿದ್ದಕ್ಕೇ ಮುಖ ಆ ಕಡೆ ಮಾಡಿದ. ಸಾವಕಾರ ಬಗ್ಗಿ ಗಾಡಿಯ ಹಿಂಬದಿ ನೋಡುತ್ತಿದ್ದ.

"ಈ ಪಾಟಾ ಯಾರು ಮಾಡ್ಯಾರ್ರೀ? ಒಂದು ಕಡಿ ಒಂದು ನಮೂನಿ, ಒಂದು ಕಡಿ ಒಂದು ನಮೂನಿ ಅದ."

"ನಮ್ಮ ಹುಡುಗ ಮಾಡ್ಯಾನ್ರಿ," ಅಪ್ಪ ಅಂದ. "ಭೀಮು ಅಂತ. ಇಂಥ ಪಾಟಾ ಈ ಕಡಿ ಯಾರೂ ಮಾಡಲ್ಲರಿ."

ಮೂರು ವಾರ ನಾನು ಕಾದಿದ್ದ ಮಾತು ಅದು. ಗಾಡಿ ಕೊಡುವಾಗ, ಕೊಳ್ಳುವವನಿಗೆ ಆಡಿದ. ನನಗೆ ಅಲ್ಲೇ ಒಂದು ಕಲ್ಲೆತ್ತಿ ಆ ಗಾಡಿಯ ಗಾಜಿಗೆ ಹಾಕಬೇಕು ಅನಿಸಿತು.

"ಗಾಡಿ ಒಯ್ಯಲಿ. ನನ್ನ ಪಾಟಾ ನಾ ಬಿಚ್ಕೋತೀನಿ," ಅಂದೆ.

"ಎತ್ತು ಮಾರಿ ಕೋಡು ಕಡಕೋತಾರೇನಲೇ?" ಅಪ್ಪ ಅಂದ.

ಮೂವರೂ ಮಾಲಿನ ಲಾರಿಯೊಂದರಲ್ಲಿ ಕಲ್ಲಿನ ಮೇಲೆ ಕೂತು ವಾಡಿಗೆ ಬಂದೆವು. ದಾರಿಯುದ್ದಕ್ಕೂ ಕಾಕಾ ತನ್ನ ಬಲಗೈಯನ್ನು ನೋಡಿಕೊಳ್ಳುತ್ತಾ ಬಂದ. ಮನೆಯಲ್ಲಿ ಅವ್ವನ ಮುಂದೆ ಹೇಳಿದವನೂ ಅವನೇ. ವೈನಿ, ತಪ್ಪಾತು, ಜೀಪ್ ತರೋಣ, ಅದರಾಗ ನಿನಗೊಂದು ಹಾಸಿಗಿ ಮಾಡ್ತೀನಿ ಅಂದ. ಜೀಪು ಬಂತು. ಅದಕ್ಕೂ ಪಾಟಾ ಮಾಡು ಅಂದ, ಮಾಡಿದೆ. ಆದರೆ ಜೀಪು ದುಡಿಯಬೇಕಾದರೆ ತುಂಬ ಜನ ಕೂಡಬೇಕು, ಜನ ತುಂಬಿದರೆ ಅವ್ವನಿಗೆ ಮಲಗುವ ಜಾಗ ಇಲ್ಲ, ಜನ ಇಲ್ಲದೆ ಹಾಯಿಸಿದರೆ ಅಪ್ಪನ ಮುಖ ಗಂಟು. ಒಂದು ವಾರ ಹೋಯಿತು, ಇನ್ನೊಂದು ವಾರ ಹೋಯಿತು. ಆತು ಬಿಡು, ಗಾಡಿ ಹೋದ್ರ ಹೋತು ಅಂತ ಅಪ್ಪ ಅಂದ. ಆತು ಬಿಡವ್ವ, ದೇವರು ನೋಡ್ತಾನ ಅಂತ ಆಯಿ ಅಂದಳು. ಓಣಿಯ ಹೆಂಗಸರು ಬಂದು ಅವರೂ ಅದನ್ನೇ ಅಂದು ಹೋದರು.

ಮೂರನೆಯ ವಾರ ಅವ್ವ ಯಾರಿಗೂ ಹೇಳದೆ ಸೀರೆ ಉಟ್ಟು, ಒಲೆ ಆರಿಸಿ, ಪಾಟಾ ರಾಶಿ ದಾಟಿ ರಸ್ತೆಗೆ ಇಳಿದಳು. ನಾನು ಘಣ ಬಿಟ್ಟು ಹಿಂದೆ ಓಡಿದೆ. ಸೇಡಂ ಬಸ್ಸು ಬಂತು, ಹತ್ತಿದೆವು. ಜಾಗ ಇತ್ತು, ಆಕೆ ಕೂಡಲಿಲ್ಲ, ಮೇಲಿನ ಕಂಬಿ ಹಿಡಿದು ನಿಂತಳು. ಕಂಡಕ್ಟರ್ ಬಂದು, "ಸೀಟ್ ಖಾಲಿ ಅದಾವಲ್ಲ ಬಾಯಿ, ಕುಂದ್ರಿ" ಅಂದ.

"ನಿಂತ್ರ ಟಿಕೀಟು ಹೆಚ್ಚಿಗಿ ಆಗ್ತದೇನು?" ಅಂದಳು ಅವ್ವ. ಅವ ಹೋದ.

ಚಿತ್ತಾಪುರ ದಾಟಿದ ಮೇಲೆ ರಸ್ತೆ ಕೆಟ್ಟಿತು. ಪ್ರತಿ ಹೊಡೆತಕ್ಕೂ ಆಕೆಯ ಕೈಯ ನರ ಏಳುವುದು ನನಗೆ ಕಾಣುತ್ತಿತ್ತು. ನಾನು ಹಿಂದೆ ನಿಂತು ಸೊಂಟಕ್ಕೆ ಕೈ ಕೊಡಲು ಹೋದೆ, ಆಕೆ ಕೈ ಸರಿಸಿದಳು.

"ಗಾಡಿ ಸರಳ ಓಡ್ತಂತ, ಖರೇ ಏನು?" ಕೇಳಿದಳು.

"ಹೂಂ. ನೆಟ್ಟಗ ಓಡ್ತು."

"ಓಡಲಿಕ್ಕೇ ಬೇಕು. ಕುಂತಾಕಿ ನಾ, ನನಗ ಗೊತ್ತದ."

"ಇನ್ನೊಂದು ಜೋಡಿ ಮಾಡ್ತೀನಿ ಅವ್ವ."

"ಯಾವ ಗಾಡಿಗಿ?"

ಬಸ್ಸು ಒಂದು ದೊಡ್ಡ ಗುಂಡಿಗೆ ಇಳಿದು ಎದ್ದಿತು. ಅವ್ವ ಕಣ್ಣು ಮುಚ್ಚಿ, ಅದು ಹಾಯ್ದು ಹೋಗುವ ತನಕ ಉಸಿರು ಹಿಡಿದು, ಆಮೇಲೆ ನನ್ನ ಕಡೆ ತಿರುಗದೆ ಅಂದಳು.

"ಎಲ್ಲಾರೂ ನನಗ ಆತು ಬಿಡು, ಆತು ಬಿಡು ಅನ್ನಾಕತ್ತಾರ. ನೀ ಅನ್ನಬ್ಯಾಡ ಭೀಮು. ನನಗ ಆಗಿಲ್ಲ."

ನಾನು ಆ ಮಾತು ಅನ್ನಲಿಲ್ಲ. ಅಪ್ಪ ತೀರಿದ ದಿನವೂ ಅನ್ನಲಿಲ್ಲ, ಅವ್ವ ಕೊನೆಯ ತನಕ ನಿಂತೇ ಉಂಡದ್ದನ್ನು ನೋಡುತ್ತಾ ಒಂದು ದಿನವೂ ಅನ್ನಲಿಲ್ಲ.